ತೊಗರಿ ನಾಡಿಗೆ ವಿಮಾನ ಏಕೆ?

ಪ್ರಶ್ನೆ: ಕಲಬುರಗಿ ವಿಮಾನ ನಿಲ್ದಾಣಕ್ಕೆ ಹಾಕಿದ ಹಣದಿಂದ ತೊಗರಿ ಬೆಳೆಯುವ ನಮಗೇನು ಪ್ರಯೋಜನ?
– ಓದುಗರೊಬ್ಬರು, ಚಿತ್ತಾಪುರ

ಉತ್ತರ: ತೊಗರಿ ಮೂಟೆ ವಿಮಾನ ಏರುವುದಿಲ್ಲ, ಅದಕ್ಕೆ ಲಾರಿ, ರೈಲುಗಳೇ ಗತಿ. ಆದರೆ ದಾಲ್ ಮಿಲ್ಲಿನ ಯಂತ್ರ ಕೆಟ್ಟು ನಿಂತಾಗ ಬೆಂಗಳೂರಿನಿಂದ ಬರಬೇಕಾದ ತಂತ್ರಜ್ಞರು ರಾತ್ರಿಯಿಡೀ ರೈಲಿನಲ್ಲಿ ಕಳೆಯದೆ ಅಂದೇ ಬಂದು ದುರಸ್ತಿ ಮಾಡಿದರೆ, ಗಿರಣಿಯ ಖರೀದಿ ನಿಲ್ಲುವುದಿಲ್ಲ. ನಿಮಗೆ ಲಾಭ ತಲುಪುವುದು ಹೀಗೆ ಬಳಸು ದಾರಿಯಲ್ಲಿ. 2019ರ ನವೆಂಬರ್‌ನಲ್ಲಿ ಶ್ರೀನಿವಾಸ ಸರಡಗಿ ಬಳಿ ನಿಲ್ದಾಣವೇನೋ ಆರಂಭವಾಯಿತು. ನನ್ನ ಕಳವಳವಿರುವುದು ಬೇರೆಡೆ: ಸಣ್ಣ ಊರುಗಳಿಗೂ ಅಗ್ಗದ ವಿಮಾನ ಸೇವೆ ಒದಗಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ ವಿಮಾನ ಸಂಸ್ಥೆಗೆ ಸಿಗುವ ನಷ್ಟಭರ್ತಿ ಸಾಮಾನ್ಯವಾಗಿ ಮೂರು ವರ್ಷಕ್ಕಷ್ಟೇ ಸೀಮಿತ, ಆಮೇಲೆ ಆಸನಗಳು ತುಂಬದಿದ್ದರೆ ಹಾರಾಟವೇ ನಿಲ್ಲುತ್ತದೆ. ಬೀದರ್‌ನಲ್ಲಿ 2020ರಲ್ಲಿ ಶುರುವಾದ ಸೇವೆ ಸ್ಥಗಿತಗೊಂಡು, 2025ರಲ್ಲಿ ಮರಳಿ ಆರಂಭವಾಗಬೇಕಾಯಿತು. ಪ್ರಯಾಣಿಕರನ್ನು ಹುಟ್ಟಿಸುವುದು ರನ್‌ವೇ ಅಲ್ಲ, ಸುತ್ತಲಿನ ಉದ್ಯಮ, ಆಸ್ಪತ್ರೆ, ಕಾಲೇಜುಗಳು.