ಹೆಂಡತಿಗೆ ಥೆರಪಿಸ್ಟ್ ಹುಡುಕಲು ಬಂದವರು

ಗುರುತು ಸಿಗಬಾರದೆಂದು ವಯಸ್ಸು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ.

ನನ್ನ ಬಳಿ ಆಪ್ತಸಲಹೆಗೆ ಮೊದಲ ಸಲ ಬಂದಾಗ ಅವರ ಕೈಯಲ್ಲೊಂದು ನೋಟ್‌ಬುಕ್ ಇತ್ತು. ಕೂತ ಕೂಡಲೇ ಬಿಚ್ಚಿ ನನ್ನ ಕಡೆ ತಿರುಗಿಸಿದರು. ಗೆರೆ ಎಳೆದು ಮಾಡಿದ ನಾಲ್ಕು ಕಾಲಂ: ತಾರೀಖು, ಹೊತ್ತು, ಎಷ್ಟು ಕುಡಿದಳು, ಆಮೇಲೆ ಏನಾಯಿತು. 14 ತಿಂಗಳ ಲೆಕ್ಕ, ಒಂದು ದಿನವೂ ಬಿಟ್ಟಿರಲಿಲ್ಲ.

"ನನ್ನ ಹೆಂಡತಿಗೆ ಒಬ್ಬ ಒಳ್ಳೆ ಥೆರಪಿಸ್ಟ್ ಬೇಕು ಮೇಡಂ. ಐದು ಜನರ ಹೆಸರು ತಂದಿದೀನಿ. ಇವರಲ್ಲಿ ಯಾರು ಸರಿ ಅಂತ ಹೇಳಿದ್ರೆ ಸಾಕು."

"ಅವರು ಬರೋಕೆ ಒಪ್ಪಿದಾರಾ?"

"ಇಲ್ಲ. ನಾನು ಒಪ್ಪಿಸ್ತೀನಿ."

ಹೆಂಡತಿ ಕೆಲಸಕ್ಕೆ ಹೋಗಲಾಗದ ದಿನ ಆಕೆಯ ಕಚೇರಿಗೆ ಫೋನ್ ಮಾಡಿ "ಜ್ವರ" ಎನ್ನುವುದು ಇವರು. ನೆಂಟರ ಮುಂದೆ ಸಮಜಾಯಿಷಿ ಕೊಡುವುದು ಇವರು. ಬಾಟಲಿ ಕಂಡರೆ ಸಿಂಕಿಗೆ ಸುರಿಯುವುದೂ ಇವರೇ. ಇಷ್ಟೆಲ್ಲ ಕೇಳಿದ ಮೇಲೆ ನಾನು ಒಂದೇ ಪ್ರಶ್ನೆ ಹಾಕಿದೆ: "ನೀವು ರಾತ್ರಿಯಿಡೀ ಮಲಗಿದ್ದು ಕೊನೆಗೆ ಯಾವತ್ತು?" ಅವರು ಉತ್ತರಕ್ಕಾಗಿ ನೋಟ್‌ಬುಕ್ಕಿನ ಪುಟ ತಿರುವತೊಡಗಿದರು. ಅವರ ನಿದ್ದೆಗೆ ಅದರಲ್ಲಿ ಕಾಲಂ ಇರಲಿಲ್ಲ. ಪುಟದ ಮೇಲೆ ಬೆರಳು ಹಾಗೇ ನಿಂತಿತು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಕುಡಿಯುವವರ ಮನೆಯ ವಿಷಯ ಬಂದಾಗ ನಾನು ಮೊದಲು ವಿಚಾರಿಸುವುದು ಸುರಕ್ಷತೆಯನ್ನು. ಹೊಡೆತ ಇದೆಯೇ, ಬೆದರಿಕೆ ಇದೆಯೇ, ಮಕ್ಕಳು ಎಲ್ಲಿರುತ್ತಾರೆ? ಗಂಡಸರನ್ನು ಇದನ್ನೆಲ್ಲ ಯಾರೂ ಕೇಳುವುದಿಲ್ಲ, ಅದಕ್ಕೇ ಬಿಡದೆ ಕೇಳುತ್ತೇನೆ. ಇಲ್ಲಿ ಕೂಗಾಟವಿತ್ತು, ಹೊಡೆತವಿರಲಿಲ್ಲ. ಇದ್ದಿದ್ದರೆ ಸಲಹೆಯ ದಿಕ್ಕೇ ಬೇರೆಯಾಗುತ್ತಿತ್ತು. ಹಿಂಸೆ ಇರುವ ಮನೆಯಲ್ಲಿ ದಂಪತಿಯನ್ನು ಜೊತೆಗೆ ಕೂರಿಸಿ ಮಾತಾಡಿಸಿದರೆ, ಒಳಗೆ ಬಾಯಿಬಿಟ್ಟಿದ್ದಕ್ಕೆ ಮನೆಗೆ ಹೋದ ಮೇಲೆ ಬೆಲೆ ತೆರಬೇಕಾಗುತ್ತದೆ. ಸುರಕ್ಷತೆಯ ಏರ್ಪಾಡು ಮೊದಲು, ಉಳಿದಿದ್ದೆಲ್ಲ ಆಮೇಲೆ.

ಎರಡನೇ ಭೇಟಿಯಲ್ಲಿ ಅವರ ಬಾಲ್ಯ ತಾನಾಗಿಯೇ ಹೊರಬಂತು. ಅಪ್ಪನೂ ಕುಡಿಯುತ್ತಿದ್ದರಂತೆ. ಒಂಬತ್ತನೇ ವಯಸ್ಸಿಗೇ ಇವರಿಗೆ ಬಾಗಿಲ ಚಿಲಕದ ಸದ್ದು ಕೇಳಿ ಇವತ್ತಿನ ರಾತ್ರಿ ಹೇಗಿರುತ್ತದೆ ಎಂದು ಹೇಳಲು ಬರುತ್ತಿತ್ತು. ಚಿಲಕ ನಿಧಾನಕ್ಕೆ ಸರಿದರೆ ತಮ್ಮನನ್ನು ಎಬ್ಬಿಸುವ ಅಗತ್ಯವಿಲ್ಲ. ಎರಡು ಸಲ ತಡವರಿಸಿದರೆ ಅಮ್ಮನ ಪಕ್ಕ ಹೋಗಿ ನಿಲ್ಲಬೇಕು. "ಈಗಲೂ ಕೀಲಿ ತಿರುಗೋ ಸದ್ದಿಗೆ ನನ್ನ ಹೊಟ್ಟೆ ಬಿಗಿಯಾಗತ್ತೆ" ಎಂದರು. ಮನೆಯ ಹವಾಮಾನ ಕಾಯುವ ಕೆಲಸ ಅಷ್ಟು ಚಿಕ್ಕ ವಯಸ್ಸಿಗೆ ಹೆಗಲಿಗೆ ಬಿದ್ದವರಿಗೆ, ಕಾಯುವುದೂ ಪ್ರೀತಿಸುವುದೂ ಒಂದೇ ಆಗಿಬಿಟ್ಟಿರುತ್ತದೆ.

ಕೋಡಿಪೆಂಡೆನ್ಸಿ, ಸಹ-ಅವಲಂಬನೆ ಅಂತ ಕರೆಯುವುದು ಇದನ್ನೇ. ಈ ಪದ ಹುಟ್ಟಿದ್ದು ಅಮೆರಿಕದಲ್ಲಿ, ಕುಡಿತದ ಚಿಕಿತ್ಸೆಯ ವಲಯದಲ್ಲಿ. 1951ರಲ್ಲಿ ಶುರುವಾದ ಅಲ್-ಅನಾನ್ ಎಂಬ ಕುಟುಂಬದವರ ಬೆಂಬಲ ಗುಂಪು ಇದಕ್ಕಿಂತ ಹಳೆಯದು. ಸಹ-ಅವಲಂಬಿತರಿಗೆಂದೇ ಕೋಡಾ ಎಂಬ ಗುಂಪು 1986ರಲ್ಲಿ ಆರಂಭವಾಯಿತು. ಆದರೆ ಮನೋವೈದ್ಯರು ಬಳಸುವ ಕಾಯಿಲೆಗಳ ಪಟ್ಟಿಗಳಾದ ಡಿಎಸ್‌ಎಂ-5ರಲ್ಲಾಗಲಿ ಐಸಿಡಿ-11ರಲ್ಲಾಗಲಿ ಈ ಹೆಸರಿನ ಕಾಯಿಲೆ ಇಲ್ಲ. ಇದನ್ನು ಅವರಿಗೆ ಹೇಳಲು ಎರಡು ಕಾರಣಗಳಿದ್ದವು. ಒಂದು, ಥೆರಪಿಸ್ಟ್ ಹುಡುಕುವಾಗ ಈ ಪದಕ್ಕೇ ಜೋತುಬೀಳಬೇಕಿಲ್ಲ. ವ್ಯಸನಿಗಳ ಕುಟುಂಬದೊಂದಿಗೆ ಕೆಲಸ ಮಾಡುವವರು, ಬಾಂಧವ್ಯದ ಸಮಸ್ಯೆ, ಬಾಲ್ಯದ ಆಘಾತ ನೋಡುವವರು ಇದನ್ನು ಚೆನ್ನಾಗಿ ಬಲ್ಲರು. ಬಾಲ್ಯದಿಂದ ಬೇರೂರಿದ ನಂಬಿಕೆಗಳನ್ನು ನೋಡುವ ಸ್ಕೀಮಾ ಥೆರಪಿಯಲ್ಲಿ 'ಆತ್ಮತ್ಯಾಗ' ಎಂದೇ ಗುರುತಿಸುವ ಒಂದು ಮಾದರಿಯಿದೆ. ಭಾವನೆಗಳನ್ನು ನಿಭಾಯಿಸಲು ಕಲಿಸುವ ಡಿಬಿಟಿ ಎಂಬ ಥೆರಪಿಯಲ್ಲಿ ಸಂಬಂಧ ಕೆಡಿಸಿಕೊಳ್ಳದೆ 'ಆಗಲ್ಲ' ಎನ್ನುವುದನ್ನು ಅಭ್ಯಾಸ ಮಾಡಿಸುತ್ತಾರೆ. ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯ: ಈ ಪದವನ್ನು ಬೈಗುಳದಂತೆ ಎಸೆಯುವವರಿದ್ದಾರೆ. ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವುದು ರೋಗವಲ್ಲ. ನೋಡಿಕೊಳ್ಳುತ್ತ ಹೋದಂತೆ ತಾನು ಅಳಿಸಿಹೋಗುತ್ತಿರುವುದು ತೊಂದರೆ.

ನಮ್ಮ ಆಪ್ತಸಲಹೆಯಲ್ಲಿ ಒಬ್ಬರಿಗೆ ಸಿಗುವುದು ಆರೇ ಭೇಟಿ. ಚಿಲಕದ ಸದ್ದಿನವರೆಗೆ ಬೇರು ಬಿಟ್ಟಿದ್ದಕ್ಕೆ ಅಷ್ಟು ಸಾಲದು. ಹಾಗಾಗಿ ಅವರು ತಂದ ಪಟ್ಟಿಯನ್ನೇ ಮುಂದಿಟ್ಟು, "ಈ ಐದರಲ್ಲಿ ನಿಮಗೊಬ್ಬರನ್ನು ಹುಡುಕೋಣ" ಎಂದೆ. ಅವರು ಬೆಚ್ಚಿದರು. "ನನಗಾ? ಕುಡಿಯೋದು ಅವಳು." ಅಲ್-ಅನಾನ್‌ನಲ್ಲಿ ಹೊಸಬರಿಗೆ ಹೇಳುವ ಮಾತನ್ನು ಹೇಳಿದೆ: ಈ ಕುಡಿತಕ್ಕೆ ನಾನು ಕಾರಣನಲ್ಲ, ಇದು ನನ್ನ ಹತೋಟಿಯಲ್ಲಿಲ್ಲ, ಇದನ್ನು ನಾನು ಗುಣಪಡಿಸಲಾರೆ. ಮೂರನೆಯದಕ್ಕೆ ಅವರ ಕಣ್ಣು ತುಂಬಿತು.

ಎರಡು ವರ್ಷದ ಹಿಂದೆ ಅವರು ಒಬ್ಬ ಥೆರಪಿಸ್ಟ್ ಹತ್ತಿರ ಹೋಗಿದ್ದರಂತೆ, ನನಗೆ ಇದು ಗೊತ್ತಾಗಿದ್ದು ಆಮೇಲೆ. ಯಾಕೆ ಬಿಟ್ಟಿರಿ ಎಂದೆ. "ಅವರು ತುಂಬಾ ಒಳ್ಳೆಯವರು. ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತೋರು. ನನಗೇನೂ ಪ್ರಯೋಜನ ಆಗ್ತಿಲ್ಲ ಅಂದ್ರೆ ಬೇಜಾರು ಮಾಡ್ಕೋತಾರೆ ಅಂತ, ಸುಧಾರಿಸಿದೀನಿ ಅಂದುಬಿಟ್ಟೆ." ನಾಲ್ಕು ತಿಂಗಳು ಥೆರಪಿಸ್ಟ್‌ರ ಮನಸ್ಸನ್ನು ಕಾಯ್ದರು! ಸಹ-ಅವಲಂಬನೆಗೆ ಥೆರಪಿ ಹುಡುಕುವಾಗಿನ ತೊಡಕೇ ಇದು. ಮನೆಯಲ್ಲಿ ಮಾಡುವುದನ್ನೇ ಆ ಕುರ್ಚಿಯಲ್ಲಿ ಕೂತೂ ಮಾಡುತ್ತೇವೆ.

ಆದ್ದರಿಂದ ನನ್ನ ಸಲಹೆ ಸ್ವಲ್ಪ ಬೇರೆ ಥರದ್ದಾಗಿತ್ತು. ಓದು, ಪರವಾನಗಿ, ವ್ಯಸನಿಗಳ ಕುಟುಂಬದವರೊಂದಿಗಿನ ಅನುಭವ, ಗೋಪ್ಯತೆ ಎಲ್ಲಿಯವರೆಗೆ, ಇವನ್ನೆಲ್ಲ ಫೋನಿನಲ್ಲೇ ಕೇಳಿ. ಮೂರು ತಿಂಗಳಾದ ಮೇಲೆ ಬದಲಾವಣೆ ಆಗಿದೆಯೋ ಇಲ್ಲವೋ ಎಂದು ಹೇಗೆ ನೋಡುತ್ತೀರಿ ಎಂದೂ ಕೇಳಿ. ಮೊದಲ ಗಂಟೆಯಲ್ಲೇ 'ಬಿಟ್ಟುಬಿಡಿ' ಅಥವಾ 'ಹೊಂದಿಕೊಳ್ಳಿ' ಎಂದು ತೀರ್ಪು ಕೊಡುವವರು ಬೇಡ. ಯಾವ ಹೊತ್ತಿನಲ್ಲೂ ಸಿಗುತ್ತೇನೆ ಎನ್ನುವವರೂ ಬೇಡ, ಗಡಿ ಹಾಕುವುದನ್ನು ಕಲಿಯಲು ಹೊರಟವರಿಗೆ ಗಡಿ ಇರುವವರೇ ಬೇಕು. ಮೊದಲ ಭೇಟಿಯಲ್ಲಿ ಬೇಕೆಂದೇ ಒಂದು ಸಣ್ಣ ಅಸಮ್ಮತಿ ಹೇಳಿ. "ಈ ಸಮಯ ನನಗೆ ಆಗಲ್ಲ" ಅಂದರೂ ಸಾಕು. ಆಗ ಅವರ ಮುಖ ನೋಡಿ, ನಿಮ್ಮ ಹೊಟ್ಟೆಯನ್ನೂ ಗಮನಿಸಿ.

ಹೆಂಡತಿಗಾಗಿ ಏನೂ ಮಾಡಬೇಡಿ ಎಂದು ನಾನು ಹೇಳಲಿಲ್ಲ. ಕುಡಿಯುವವರನ್ನು ಬೈಯದೆ, ಬೇಡಿಕೊಳ್ಳದೆ ಚಿಕಿತ್ಸೆಯತ್ತ ತರುವುದನ್ನು ಮನೆಯವರಿಗೆ ಕಲಿಸುವ ಕ್ರಾಫ್ಟ್ ಎಂಬ ಪದ್ಧತಿಯೂ ಇದೆ, ಅದನ್ನು ಬಲ್ಲವರು ಸಿಕ್ಕರೆ ಒಳ್ಳೆಯದೇ. ಬಾಟಲಿ ಸುರಿಯುವುದನ್ನು ಮಾತ್ರ ಅವತ್ತೇ ನಿಲ್ಲಿಸಲು ಹೇಳಿದೆ. ದಿನಾ ಹೆಚ್ಚು ಕುಡಿಯುವವರಿಗೆ ಮದ್ಯ ದಿಢೀರನೆ ನಿಂತರೆ ಫಿಟ್ಸ್ ಬರಬಹುದು, ಭ್ರಮೆ ಕಾಣಬಹುದು, ಜೀವಕ್ಕೇ ಅಪಾಯವಾಗಬಹುದು. ಬಿಡಿಸುವುದು ವೈದ್ಯರ ನಿಗಾದಲ್ಲೇ ಆಗಬೇಕು. ಪ್ರಜ್ಞೆ ತಪ್ಪಿದರೆ ತಕ್ಷಣ ಆಂಬುಲೆನ್ಸ್ ಕರೆಯಬೇಕು, ಗಡಿಯ ಮಾತು ಅಲ್ಲಿಗೆ ಅನ್ವಯಿಸುವುದಿಲ್ಲ.

ಮನೆಗೆ ಕೊಟ್ಟ ಕೆಲಸ ಒಂದೇ: ಕಚೇರಿಗೆ 'ಜ್ವರ' ಎಂಬ ಫೋನ್ ಇನ್ನು ನೀವು ಮಾಡಬೇಡಿ. ಹನ್ನೆರಡು ದಿನಕ್ಕೆ ಆ ಬೆಳಗು ಬಂತು. "ನೀನೇ ಮಾಡು" ಎಂದು ಹೇಳಿ ಮೊಬೈಲನ್ನು ಹಾಸಿಗೆಯ ಮೇಲಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತರಂತೆ, ಆಕೆಯ ದನಿ ಕೇಳಿಸಬಾರದೆಂದು. ಕೈ ನಡುಗುತ್ತಿತ್ತು. ಆಕೆ ಎರಡು ದಿನ ಮಾತು ಬಿಟ್ಟರು. ಫೋನನ್ನು ಮಾತ್ರ ಆಕೆಯೇ ಮಾಡಿದ್ದರು.

ಐದರಲ್ಲಿ ಮೂವರೊಂದಿಗೆ ಮಾತಾಡಿದರು. ಎರಡನೆಯವರು "ಸಂಜೆ ಏಳರ ನಂತರ ನಾನು ಕರೆ ತೆಗೆದುಕೊಳ್ಳುವುದಿಲ್ಲ, ತುರ್ತಿದ್ದರೆ ಎಲ್ಲಿಗೆ ಹೋಗಬೇಕೆಂದು ಮೊದಲೇ ಬರೆದಿಟ್ಟುಕೊಳ್ಳೋಣ" ಎಂದಿದ್ದು ಇವರಿಗೆ ಚುಚ್ಚಿತು. "ಒಂಥರಾ ಕಠಿಣ" ಎಂದು ನನ್ನಲ್ಲಿ ದೂರಿದರು. ಆಮೇಲೆ ಒಂದು ವಾರ ಯೋಚಿಸಿ ಅವರನ್ನೇ ಆರಿಸಿಕೊಂಡರು.

ಮೊನ್ನೆ ವಿಚಾರಿಸಲು ಕರೆ ಮಾಡಿದ್ದೆ, ಏಳು ತಿಂಗಳಾಗಿದೆ. ಹೆಂಡತಿ ಒಂದು ಸಲ ವೈದ್ಯರನ್ನು ಕಂಡಿದ್ದಾರೆ, ಕುಡಿತ ನಿಂತಿಲ್ಲ. ಜೊತೆಗಿರಬೇಕೋ ಬೇಡವೋ ಎಂದು ಇವರು ಇನ್ನೂ ತೀರ್ಮಾನಿಸಿಲ್ಲ, ನಾನೂ ಕೇಳಲಿಲ್ಲ. ಹೇಳಲೇಬೇಕಾದ್ದು ಒಂದಿದೆ ಎಂದು ಅವರೇ ಹೇಳಿದರು: ಹಿಂದಿನ ವಾರ ಥೆರಪಿಸ್ಟ್‌ಗೆ "ಆವತ್ತು ನಾನು ಅಪ್ಪನ ವಿಷಯ ಹೇಳ್ತಿದ್ದಾಗ ನೀವು ಮಧ್ಯೆ ಬಾಯಿ ಹಾಕಿದ್ರಿ, ನನಗೆ ಬೇಸರವಾಯ್ತು" ಎಂದರಂತೆ. ಆ ಒಂದು ವಾಕ್ಯಕ್ಕೆ ಹನ್ನೊಂದು ದಿನ ತಯಾರಿ. ಅವರೇನಂದರು ಎಂದು ಕೇಳಿದೆ.

"ಹೌದು, ತಪ್ಪಾಯ್ತು ಅಂದ್ರು ಮೇಡಂ. ಎಲ್ಲಿ ನಿಲ್ಲಿಸಿದ್ರಿ, ಅಲ್ಲಿಂದ ಹೇಳಿ ಅಂದ್ರು."