ಹಳೇ ಪಿಕಪ್‌ನ ಗೇರ್ ಧಡ್ ಅಂತ ಬೀಳುತ್ತಿದ್ದರೆ ತಪ್ಪು ಗೇರ್‌ಬಾಕ್ಸಿನದ್ದೇನಾ?

ನಿಮ್ಮದು 1997ರ ಷೆವರ್ಲೆ ಪಿಕಪ್, 4ಎಲ್60-ಇ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಗೇರ್ ಬದಲಾದಾಗ ಹಿಂದಿನಿಂದ ಯಾರೋ ಗುದ್ದಿದ ಹಾಗಾಗುತ್ತದೆ, ಗ್ಯಾರೇಜ್‌ನವರು ಪೂರ್ತಿ ಬಿಚ್ಚಬೇಕು ಅಂದಿದ್ದಾರೆ, ವೈರಿಂಗ್ ತೊಂದರೆಯೂ ಇರಬಹುದಾ ಅಂತ ಕೇಳಿದ್ದೀರಿ. ಖಂಡಿತ ಇರಬಹುದು. ಬಿಚ್ಚಿಸುವ ಮುಂಚೆ ಒಂದು ಮಲ್ಟಿಮೀಟರ್ ಹಿಡಿದು ನೋಡಿ.

ಈ ಗೇರ್‌ಬಾಕ್ಸಿನಲ್ಲಿ ಎಣ್ಣೆಯ ಒತ್ತಡವನ್ನು ಹದದಲ್ಲಿಡುವುದು ಒಂದು ಸೊಲೆನಾಯ್ಡ್, ಅಂದರೆ ಕರೆಂಟ್‌ನಿಂದ ಆಡುವ ವಾಲ್ವ್. ಗಾಡಿಯ ಕಂಪ್ಯೂಟರ್ ಅದಕ್ಕೆ ಸುಮಾರು 1.1 ಆಂಪಿಯರ್ ಕೊಟ್ಟರೆ ಒತ್ತಡ ತೀರಾ ಕಡಿಮೆ. ಕರೆಂಟ್ ನಿಂತೇ ಹೋದರೆ ತೀರಾ ಜಾಸ್ತಿ. ಉಲ್ಟಾ ಅನ್ನಿಸುತ್ತದೆ ಅಲ್ವಾ? ಬೇಕಂತಲೇ ಹಾಗೆ ಮಾಡಿದ್ದಾರೆ. ವೈರ್ ಕಿತ್ತುಹೋದರೂ ಕ್ಲಚ್ ಜಾರಿ ಸುಟ್ಟುಹೋಗಬಾರದು, ಗಟ್ಟಿಯಾಗಿ ಹಿಡಿದಿರಲಿ ಅಂತ. ಆ ಗಟ್ಟಿ ಹಿಡಿತವೇ ನಿಮಗೆ ಗುದ್ದಿನ ಹಾಗೆ ತಿಳಿಯುವುದು.

ಹಾಗಾಗಿ ಮೊದಲು ಇದನ್ನು ಗಮನಿಸಿ. ಗುದ್ದು ಒಂದರಿಂದ ಎರಡಕ್ಕೆ ಹೋಗುವಾಗ ಮಾತ್ರವಾ, ಇಲ್ಲಾ ಪಾರ್ಕ್‌ನಿಂದ ರಿವರ್ಸ್‌ಗೆ ಹಾಕಿದಾಗಲೂ ಇದೆಯಾ? ಒಂದು-ಎರಡರಲ್ಲಿ ಮಾತ್ರ ಇದ್ದರೆ, ಆ ಬದಲಾವಣೆಯ ಪೆಟ್ಟನ್ನು ಮೆತ್ತಗೆ ಮಾಡುವ ಅಕ್ಯುಮುಲೇಟರ್‌ನ ಪಿಸ್ಟನ್ ಬಿರುಕು ಬಿಟ್ಟಿರುವ ಇಲ್ಲವೇ ಸ್ಪ್ರಿಂಗ್ ಮುರಿದಿರುವ ಸಾಧ್ಯತೆ ಜಾಸ್ತಿ. ಅದಕ್ಕೂ ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ, ಕೆಳಗಿನ ಪ್ಯಾನ್ ಬಿಚ್ಚಿದರೆ ಕೈಗೆ ಸಿಗುತ್ತದೆ. ಎಲ್ಲ ಗೇರಿನಲ್ಲೂ ಗುದ್ದು ಇದ್ದು, ಕೀ ತೆಗೆದು ಮತ್ತೆ ಹಾಕಿದರೆ ಸ್ವಲ್ಪ ಹೊತ್ತು ಸರಿಹೋಗುತ್ತದಾ? ಹಾಗಿದ್ದರೆ ನನ್ನ ಅನುಮಾನ ವೈರಿಂಗ್ ಮೇಲೆಯೇ. ಒತ್ತಡದ ಸೊಲೆನಾಯ್ಡ್‌ನ ಕರೆಂಟ್ ಲೆಕ್ಕ ತಪ್ಪಿದರೆ ಕಂಪ್ಯೂಟರ್ ಪಿ0748 ಕೋಡ್ ಹಾಕಿ ಅದಕ್ಕೆ ಕರೆಂಟ್ ಕೊಡುವುದನ್ನೇ ನಿಲ್ಲಿಸುತ್ತದೆ. ಸ್ಕ್ಯಾನರ್‌ನಲ್ಲಿ ಆ ಕೋಡ್ ಇದೆಯಾ ನೋಡಿ.

ಗಾಡಿ ನಿಂತಲ್ಲಿಂದ ಹೊರಡುವಾಗಲೇ ಮೂರನೇ ಗೇರಿನಲ್ಲಿದ್ದ ಹಾಗೆ ಎಳೆಯಲಾರದೆ ಒದ್ದಾಡುತ್ತಿದ್ದರೆ ಫ್ಯೂಸ್ ನೋಡಿ. ಗೇರ್ ಬದಲಿಸುವ ಎರಡೂ ಶಿಫ್ಟ್ ಸೊಲೆನಾಯ್ಡ್‌ಗೆ ಕರೆಂಟ್ ಸಿಗದೇ ಹೋದರೆ ಇದು ಮೂರನೇ ಗೇರಿಗೆ ಬಂದು ಕೂರುತ್ತದೆ.

ನಾನಿರುವುದು ಅಮೆರಿಕದ ಮಿಷಿಗನ್. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಇದೇ ಗೇರ್‌ಬಾಕ್ಸಿನ ನನ್ನ ಹಳೇ ಗಾಡಿಯೂ ಹೀಗೇ ಗುದ್ದುತ್ತಿತ್ತು. ಸುಮ್ನೆ ಎಣ್ಣೆ, ಫಿಲ್ಟರ್ ಬದಲಾಯಿಸಿದೆ, ದುಡ್ಡು ದಂಡ. ಕೊನೆಗೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ ಬ್ಲಾಕ್‌ಗೆ ಇಟ್ಟು ಹೆಂಡತಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಅರ್ಧ ವೋಲ್ಟ್ ಒಳಗಿರಬೇಕಾದದ್ದು 1.3 ತೋರಿಸಿತು. ಅರ್ತ್ ಕೇಬಲ್ ಹೊರಗಿನಿಂದ ಚೆನ್ನಾಗಿತ್ತು, ಸಿಪ್ಪೆ ಸುಲಿದರೆ ಒಳಗೆ ತಾಮ್ರವೆಲ್ಲ ಹಸಿರು ಪುಡಿ. ಕೇಬಲ್ ಹೊಸದು ಹಾಕಿದ ಮೇಲೆ ಗುದ್ದು ನಿಂತಿತು.

ನೀವೂ ಅಲ್ಲಿಂದಲೇ ಶುರು ಮಾಡಿ. ಆಮೇಲೆ ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಎಸಿ ವೋಲ್ಟ್ ಅಳೆಯಿರಿ. ಅರ್ಧ ವೋಲ್ಟ್ ದಾಟಿದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಡಯೋಡ್ ಹೋಗಿದೆ ಅಂತ ಅನುಮಾನಿಸಿ. ಆಕ್ಸಿಲರೇಟರ್ ಜೊತೆ ತಿರುಗುವ ಥ್ರಾಟಲ್ ಸೆನ್ಸರ್ ಅನ್ನೂ ಬಿಡಬೇಡಿ. ಕೀ ಆನ್ ಮಾಡಿ ಪೆಡಲ್ ನಿಧಾನವಾಗಿ ಒತ್ತಿದರೆ ಸುಮಾರು ಅರ್ಧ ವೋಲ್ಟ್‌ನಿಂದ ನಾಲ್ಕರ ಮೇಲಕ್ಕೆ ನಯವಾಗಿ ಏರಬೇಕು. ನಡುವೆ ಎಗರಿದರೆ ಅದೂ ಗೇರ್ ಕೆಡಿಸುತ್ತದೆ.

ಕೊನೆಗೆ ಗಾಡಿ ಕೆಳಗೆ ತೂರಿ, ಇಂಜಿನ್ ತಣ್ಣಗಿರುವಾಗ. ಗೇರ್‌ಬಾಕ್ಸಿನ ಬಲಗಡೆ ದುಂಡನೆಯ 20 ಪಿನ್ನಿನ ಕನೆಕ್ಟರ್ ಇದೆ. ಒಳಗೆ ಎಣ್ಣೆ ಇಳಿದಿದೆಯಾ, ವೈರ್ ಸೈಲೆನ್ಸರ್ ಪೈಪಿಗೆ ತಾಗಿ ಕರಗಿದೆಯಾ ನೋಡಿ. ಗೇರ್‌ಬಾಕ್ಸಿನ ಕಡೆಯ ಸಿ ಮತ್ತು ಡಿ ಪಿನ್ ನಡುವೆ ಸುಮಾರು 3ರಿಂದ 5 ಓಮ್ ಬರಬೇಕು. ಅಷ್ಟು ಬಂದರೆ ಒತ್ತಡದ ಸೊಲೆನಾಯ್ಡ್‌ನ ಸುರುಳಿ ಕಡಿದಿಲ್ಲ ಅಂತಾಯಿತು. ಆಗ ಅಲ್ಲಿಂದ ಕಂಪ್ಯೂಟರ್‌ವರೆಗಿನ ವೈರನ್ನು ಅಲುಗಾಡಿಸುತ್ತಾ ಅಳೆಯಿರಿ. ಸಿಕ್ಕ ಅಂಕಿಗಳನ್ನು ಇಲ್ಲಿ ಹಾಕಿ, ನೋಡೋಣ.