ಪುಣೆಯಲ್ಲಿ ಸ್ಕೂಟರ್: ಊರಿನದು ತರಬೇಡ, ಇಲ್ಲಿಯದೇ ಕೊಳ್ಳು

ತಮ್ಮಾ, ವಾಕಡ್‌ನಲ್ಲಿ ರೂಮು ಸಿಕ್ಕಿದೆ, ಹಿಂಜವಡಿಯ ಆಫೀಸಿಗೆ ಹೋಗಿಬರಲು ಸ್ಕೂಟರ್ ಬೇಕು, ಧಾರವಾಡದಲ್ಲಿ ಅಣ್ಣನ ಹಳೇ ಆಕ್ಟಿವಾ ಸುಮ್ನೆ ನಿಂತಿದೆ, ಅದನ್ನೇ ತರಲಾ ಅಥವಾ ಇಲ್ಲೇ ಸೆಕೆಂಡ್ ಹ್ಯಾಂಡ್ ಕೊಳ್ಳಲಾ ಅಂತ ಕೇಳಿದ್ದೀಯ. ಇಲ್ಲೇ ಕೊಳ್ಳು.

ಕೆಎ ನಂಬರಿನ ಗಾಡಿ ಇಲ್ಲಿ ಓಡಿಸಬಾರದು ಅಂತೇನಿಲ್ಲ. ಆದರೆ 12 ತಿಂಗಳು ದಾಟಿದರೆ ಇಲ್ಲಿಯ ನಂಬರ್ ಮಾಡಿಸಬೇಕು. ಅದಕ್ಕೆ ಧಾರವಾಡದ ಆರ್‌ಟಿಓದಿಂದ ಎನ್‌ಓಸಿ (ಅಭ್ಯಂತರವಿಲ್ಲ ಅನ್ನುವ ಪತ್ರ), ಇಲ್ಲಿ ಮತ್ತೆ ರೋಡ್ ಟ್ಯಾಕ್ಸ್, ಆಮೇಲೆ ಅಲ್ಲಿ ಕಟ್ಟಿದ ಟ್ಯಾಕ್ಸ್ ವಾಪಸ್ ಕೇಳಿ ಅರ್ಜಿ. ಹಳೇ ಆಕ್ಟಿವಾಕ್ಕೆ ಇಷ್ಟು ಓಡಾಟ ಯಾಕೆ?

ಪುಣೆಯಲ್ಲಿ ಹಳೇ ಗಾಡಿಗಳಿಗೆ ಬರವಿಲ್ಲ. ಪರೀಕ್ಷೆ ಮುಗಿಸಿ ಊರಿಗೆ ಹೊರಟ ಹುಡುಗರು ಬಂದಷ್ಟಕ್ಕೆ ಮಾರುತ್ತಾರೆ. ಆದರೆ ಆರ್‌ಸಿ ತೆಗೆದು ನೋಡಿದರೆ ಎಂಎಚ್ 24, ಅಂದರೆ ಲಾತೂರಿನ ನಂಬರ್, ಹೆಸರು ಲಾತೂರಿನಲ್ಲಿರುವ ಅಪ್ಪನದು! ಗಾಡಿ ನಿನ್ನ ಹೆಸರಿಗೆ ವರ್ಗಾಯಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕಬೇಕಾದವರು ಆ ಅಪ್ಪ, ಮಗ ಅಲ್ಲ. 'ಊರಿಗೆ ಹೋಗಿ ಕೊರಿಯರ್ ಮಾಡ್ತೀನಿ' ಅಂದರೆ ದುಡ್ಡು ಬಿಚ್ಚಬೇಡ. ಗಾಡಿ ಚೆನ್ನಾಗಿಲ್ಲದಿದ್ದರೆ ರಿಪೇರಿ ಮಾಡಿಸಬಹುದು, ಕಾಗದ ಸರಿಯಿಲ್ಲದಿದ್ದರೆ ಯಾವ ಗ್ಯಾರೇಜೂ ಏನೂ ಮಾಡಲಾರದು. ಸಾಲದ ಮೇಲೆ ಕೊಂಡ ಗಾಡಿಯಾದರೆ ಬ್ಯಾಂಕಿನ ಎನ್‌ಓಸಿ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ಕೇಳು. ಬಾಕಿ ಚಲನ್ ಎಷ್ಟಿದೆ ಅಂತ ಆನ್‌ಲೈನಿನಲ್ಲಿ ನೋಡು. ಕ್ಯಾಮೆರಾ ಹಾಕಿದ ದಂಡ ಎಷ್ಟೋ ಸಲ ಮಾಲೀಕನಿಗೇ ಗೊತ್ತಿರುವುದಿಲ್ಲ. ನಿನ್ನ ಆಧಾರ್ ಧಾರವಾಡದ್ದೇ ಅಲ್ವಾ? ಹಾಗಾದರೆ ರೂಮಿನ ಅಗ್ರಿಮೆಂಟ್ ರಿಜಿಸ್ಟರ್ ಮಾಡಿಸಿಕೋ, ಗಾಡಿ ನಿನ್ನ ಹೆಸರಿಗೆ ಮಾಡಿಸುವಾಗ ಇಲ್ಲಿಯ ವಿಳಾಸದ ಪುರಾವೆಗೆ ಅದು ಬೇಕಾಗುತ್ತದೆ. ಇನ್ಶೂರೆನ್ಸ್ 14 ದಿನದೊಳಗೆ ನಿನ್ನ ಹೆಸರಿಗೆ ಮಾಡಿಸು. ಹಳೇ ಮಾಲೀಕನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿನಗೆ ಬರುವುದಿಲ್ಲ, ಅದನ್ನು ತೋರಿಸಿ ರೇಟು ಏರಿಸಿದರೆ ಒಪ್ಪಬೇಡ.

ಗಾಡಿ ನೋಡಲು ಬೆಳಿಗ್ಗೆಯೇ ಹೋಗು. 'ಸ್ಟಾರ್ಟ್ ಮಾಡಬೇಡಿ, ನಾನೇ ಬಂದು ಮಾಡ್ತೀನಿ' ಅಂತ ಮೊದಲೇ ಹೇಳಿರು. ಹೋದ ಕೂಡಲೇ ಸೈಲೆನ್ಸರಿನ ಹತ್ತಿರ ಕೈ ಹಿಡಿದು ನೋಡು. ಬಿಸಿ ಇದ್ದರೆ ಅವನು ಆಗಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ, ತಣ್ಣಗಿರುವಾಗ ಗಾಡಿ ಸುಲಭಕ್ಕೆ ಸ್ಟಾರ್ಟ್ ಆಗದೇ ಇರಬಹುದು. ನೀಲಿ ಹೊಗೆ ಬಿಡುತ್ತಲೇ ಇದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ, ವಾಪಸ್ ಬಾ. ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸು. ನಡುವೆ ಸಿಕ್ಕಿಕೊಂಡ ಹಾಗೆ ಆದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್) ಹೋಗಿದೆ. ಹೊರಡುವಾಗ ಗಾಡಿ ನಡುಗಿದರೆ ಕ್ಲಚ್ಚೋ ಬೆಲ್ಟೋ ಕೆಲಸ ಕೇಳುತ್ತಿದೆ. ಈ ಎರಡೂ ಕೆಲಸ ಆಗುವಂಥವೇ, ಖರ್ಚನ್ನು ರೇಟಿನಲ್ಲಿ ಕಳೆಯಲು ಹೇಳು.

ನೀರಲ್ಲಿ ಮುಳುಗಿದ ಗಾಡಿಯ ಬಗ್ಗೆ ಹುಷಾರು. 2024ರ ಜುಲೈನಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಪಾರ್ಕಿಂಗಿನಲ್ಲಿದ್ದ ಗಾಡಿಗಳೆಲ್ಲ ಮುಳುಗಿದ್ದವು. ಅಂಥವನ್ನು ತೊಳೆದು ಪಾಲಿಶ್ ಹಾಕಿದರೆ ಕಣ್ಣಿಗೆ ಕಾಣುವುದಿಲ್ಲ. ಹೆಡ್‌ಲೈಟಿನ ಗಾಜಿನ ಒಳಗೆ ಮಣ್ಣಿನ ಗೆರೆ ಇದೆಯಾ, ಸೀಟಿನ ಕೆಳಗಿನ ಬೋಲ್ಟ್‌ಗಳು ತುಕ್ಕು ಹಿಡಿದಿವೆಯಾ, ಬ್ಯಾಟ್ರಿ ಇಟ್ಟಿರುವ ಮೂಲೆಯಲ್ಲಿ ಕೆಸರು ಕೂತಿದೆಯಾ ನೋಡು.

ಮೇಂಟೆನೆನ್ಸ್ ದೊಡ್ಡ ವಿಷಯ ಅಲ್ಲ. ಹಳೇ ಆಕ್ಟಿವಾ ಲೀಟರಿಗಿಂತ ಕಡಿಮೆ ಆಯಿಲ್ ಹಿಡಿಯುತ್ತದೆ, ಹಾಗಾಗಿ ಕೊಂಡ ದಿನವೇ ಬದಲಿಸಿಬಿಡು. ಏರ್ ಫಿಲ್ಟರ್, ಬ್ರೇಕ್ ಶೂ ಮಳೆಗಾಲಕ್ಕೆ ಮುಂಚೆ ನೋಡಿಸು. 10 ಇಂಚಿನ ಚಕ್ರ, ಇಲ್ಲಿಯ ಗುಂಡಿಗಳಿಗೆ ಬೇಗ ಹೊಡೆತ ತಿನ್ನುತ್ತದೆ, ವಾರಕ್ಕೊಮ್ಮೆ ಗಾಳಿ ನೋಡು. ಬಿಡಿಭಾಗ ಕೊಳ್ಳಲು ನಾನಾ ಪೇಠ್‌ಗೆ ಹೋಗು, ಸಾಲಾಗಿ ಅಂಗಡಿಗಳಿವೆ. ಡೂಪ್ಲಿಕೇಟೂ ಅಲ್ಲೇ ಸಿಗುತ್ತದೆ, ಬೆಲ್ಟ್ ಮಾತ್ರ ಕಂಪನಿಯದೇ ಕೇಳು.

ಆ ಕಡೆ ಗಾಡಿ ನಿಲ್ಲಿಸುವಾಗ ಪಿ1, ಪಿ2 ಬೋರ್ಡು ನೋಡು. ಸಮ ತಾರೀಖಿಗೆ ಒಂದು ಬದಿ, ಬೆಸ ತಾರೀಖಿಗೆ ಇನ್ನೊಂದು. ತಪ್ಪಿದರೆ ಟೋಯಿಂಗಿನವರು ಎತ್ತಿಕೊಂಡು ಹೋಗುತ್ತಾರೆ, ನೀನು ಆಟೋ ಹಿಡಿದು ಹಿಂದೆ ಹೋಗಬೇಕು.